ಮಂಡಿಯೂರಿದ ಸಂದರ್ಶನ

ಬೆಳಕು ಹರಿಯುವ ಮುನ್ನ ನಬುಕಾಲು ಅಂಗಳ ಗುಡಿಸಿದಳು, ಇದ್ದಿಲ ಒಲೆ ಹೊತ್ತಿಸಿದಳು, ಅತ್ತೆಯ ಸ್ನಾನಕ್ಕೆ ನೀರಿಟ್ಟಳು, ಬಾಳೆಕಾಯಿ ಸುಲಿದು ಎಲೆಯಲ್ಲಿ ಕಟ್ಟಿ ಹಬೆಗಿಟ್ಟಳು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು, ಗಂಡ ಕಗ್ವಾನ ಬೂಟಿನ ಕೆಂಪು ಧೂಳು ಒರೆಸಿದಳು. ಅವನಿಗೆ ಹೋಗಬೇಕಾದ ಕಡೆ ಯಾವುದೂ ಇರಲಿಲ್ಲ. ಆದರೂ ಬೂಟು ಹೊಳೆಯಬೇಕಿತ್ತು.

ಗಂಡ ಹೆಂಡತಿ ಇಬ್ಬರೂ ಕಂಪಾಲದ ಒಂದೇ ಪತ್ರಿಕೆಯಲ್ಲಿದ್ದವರು. ಅವನದು ಕ್ರೀಡಾಪುಟ, ಅವಳದು ಕೋರ್ಟು ವರದಿ. ಪತ್ರಿಕೆ ಮೊದಲು ಪುಟಗಳನ್ನು ಕಡಿಮೆ ಮಾಡಿತು, ಆಮೇಲೆ ಜನರನ್ನು. ನಮ್ಮ ಓಣಿಯಲ್ಲಿ ಕಡಲೆಕಾಯಿ ಮಾರುವವಳಿಗೆ ಪೊಟ್ಟಣ ಕಟ್ಟಲೂ ಪೇಪರು ಸಿಗದಂತಾಯಿತು. ಕೆಲಸ ಹೋದ ಮೇಲೆ ಕಗ್ವಾನಿಗೆ ವಿಶ್ರಾಂತಿ ಸಿಕ್ಕಿತು, ನಬುಕಾಲುವಿಗೆ ಇಡೀ ಮನೆ ಸಿಕ್ಕಿತು.

ಅಷ್ಟರಲ್ಲಿ ಒಂದು ಆನ್‌ಲೈನ್ ಸುದ್ದಿ ಕಂಪನಿ ಕೋರ್ಟಿನ ಒಳಹೊರಗು ಬಲ್ಲವರನ್ನು ಹುಡುಕತೊಡಗಿತು. ಸಂದರ್ಶನ ಮೊಬೈಲಿನಲ್ಲೇ. ಸಂಬಳದಷ್ಟೇ ಅವಳಿಗೆ ಬೇಕಾಗಿದ್ದುದು, ಯಾರೂ ಟೀ ಕೇಳದಂಥ ಒಂದು ಜಾಗ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮೇಲೆ ಕೋಟು, ಕೆಳಗೆ ಅಡುಗೆಮನೆಯ ಬಟ್ಟೆ ಸುತ್ತಿಕೊಂಡು ಕುಳಿತಳು.

ಪರದೆಯ ಮೇಲೆ ಅಯೆಬಾರೆ ಎಂಬ ಎಳೆ ಸಂಪಾದಕ. "ಅಮ್ಮಾ, ವಕೀಲರು ಬಾಯೇ ಬಿಡದಿದ್ರೆ ಸುದ್ದಿ ಹೇಗೆ ತರ್ತೀರಿ?"

"ಅವರ ಎದುರುಕಡೆ ವಕೀಲರು ಇರ್ತಾರಲ್ಲ, ಅವರು ಬಾಯಿ ಮುಚ್ಚೋದೇ..."

ಅತ್ತೆ ಒಳಗೆ ಬಂದರು. ನಮ್ಮ ಕಡೆ ಸೊಸೆಯಾದವಳು ಅತ್ತೆಯ ಮುಂದೆ ಕುರ್ಚಿಯಲ್ಲಿ ಕೂತು ಕ್ಷೇಮ ಕೇಳುವುದುಂಟೇ? ತಲೆಗಿಂತ ಮುಂಚೆ ಮಂಡಿಗಳು ನಿರ್ಧಾರ ಮಾಡಿದವು. ನಬುಕಾಲು ನೆಲಕ್ಕೆ ಮಂಡಿಯೂರಿ ಪರದೆಯಿಂದ ಮಾಯವಾದಳು.

"ಚೆನ್ನಾಗಿ ನಿದ್ದೆ ಬಂತಾ, ಅತ್ತೆ?"

"ಬಂತವ್ವ. ನಿಂಗೆ?"

"ಬಂತು."

"ಹ್ಞೂಂ."

"ಹ್ಞೂಂ. ಸೊಂಟನೋವು?"

"ಅದು ನನಗಿಂತ ಮುಂಚೆ ಎದ್ದು ಕೂತಿತ್ತು. ಹ್ಞೂಂ."

"ಹ್ಞೂಂ."

ಹ್ಞೂಂಗಳು ತೀರುವ ತನಕ ಏಳುವಂತಿಲ್ಲ.

"ಅಮ್ಮಾ, ನೆಟ್ ಹೋಯ್ತಾ? ಖಾಲಿ ಕುರ್ಚಿ ಕಾಣ್ತಿದೆ," ಎಂದ ಅಯೆಬಾರೆ.

"ಯಾರದು, ಸಕ್ಕರೆ ಡಬ್ಬೀಲಿ ಗಂಡಸಿನ ದನಿ?" ಎಂದರು ಅತ್ತೆ.

"ಕೆಲಸದ ಸಂದರ್ಶನ, ಅತ್ತೆ."

"ಹಾಗಾದ್ರೆ ಮಾತಾಡಿಸ್ದೆ ಇರಕ್ಕಾಗುತ್ತಾ? ಏನಪ್ಪಾ, ನಿದ್ದೆ ಬಂತಾ? ಮನೇಲೆಲ್ಲ ಚೆನ್ನಾಗಿದ್ದಾರಾ?"

ಪಾಪ, ಅಯೆಬಾರೆಯೂ ಹ್ಞೂಂ ಎನ್ನಬೇಕಾಯಿತು. ಅತ್ತೆ ಅಲ್ಲೇ ಚಾಪೆ ಹಾಸಿ ಕೂತದ್ದರಿಂದ ಉಳಿದ ಪ್ರಶ್ನೆಗಳಿಗೆ ನಬುಕಾಲು ನೆಲದಿಂದಲೇ ಉತ್ತರ ಕೊಟ್ಟಳು. ಕಂಪನಿಯವರು ಕೊನೆಯವರೆಗೂ ಕುರ್ಚಿಯನ್ನೇ ಸಂದರ್ಶಿಸಿದರು.

ಮಧ್ಯಾಹ್ನ ಸಂದೇಶ ಬಂತು. ಕೆಲಸ ಅವಳದೇ. ಮನೆಯಿಂದ ಬರೆದರೆ ನೆಟ್ಟಿನ ಖರ್ಚು ಕಂಪನಿಯದು. ಕಚೇರಿಗೆ ಬಂದರೆ ಬಸ್ಸಿನ ಖರ್ಚು ಅವಳದು. ಯಾವುದೆಂದು ಇವತ್ತೇ ತಿಳಿಸಬೇಕು.

"ಮನೆಯಿಂದ ಅನ್ನು. ಹೇಗೂ ಮನೇಲೇ ಇರ್ತೀಯಲ್ಲ," ಎಂದ ಕಗ್ವಾ.

"ಬರೀತಾ ಬರೀತಾ ಒಲೇನೂ ನೋಡ್ಕೋಬಹುದು," ಎಂದರು ಅತ್ತೆ.

"ಕಚೇರಿಗೆ ಹೋದ್ರೆ?"

"ಆಮೇಲೆ ಬಾಳೆಕಾಯಿ ಸುಲಿಯೋರು ಯಾರೇ?" ಅತ್ತೆ ಕೇಳಿದರು.

"ನೀವು," ಎಂದಳು ಗಂಡನಿಗೆ.

ಕಗ್ವಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅತ್ತೆಯೂ ನಕ್ಕರು. ಕೋರ್ಟು ಸುತ್ತಿ ಸುತ್ತಿ ಸೊಸೆ ಒಳ್ಳೆ ತಮಾಷೆ ಕಲಿತಿದ್ದಾಳೆ ಎಂದರು. ನಬುಕಾಲು ನಗಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ.

ಬಟ್ಟೆ ತರುವ ನೆಪದಲ್ಲಿ ಹಿತ್ತಲಿಗೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. 'ಮನೆಯಿಂದ' ಎಂದು ಬರೆದಳು, ಅಳಿಸಿದಳು. 'ಕಚೇರಿಗೆ ಬರುತ್ತೇನೆ, ನಾಳೆಯಿಂದಲೇ' ಎಂದು ಬರೆದು ಕಳಿಸಿದಳು.