ಬೆನ್ನ ಹಿಂದಿನ ಸದ್ದು

ಅವರ ಮುಂದಿನ ಹಲ್ಲಿನಲ್ಲಿ ಅಕ್ಕಿಕಾಳು ಹಿಡಿಯುವಷ್ಟು ಒಂದು ಕಚ್ಚು ಇತ್ತು. ವರ್ಷಾನುಗಟ್ಟಲೆ ವೈರುಗಳ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ಆದ ಕಚ್ಚು ಅದು. ಜೇಬಿನಲ್ಲಿ ಕಟಿಂಗ್ ಪ್ಲೇಯರು ಇರುತ್ತಿತ್ತು, ಅದನ್ನು ಹೊರಗೆ ತೆಗೆಯುವಷ್ಟು ತಾಳ್ಮೆ ಇರುತ್ತಿರಲಿಲ್ಲ. ವೈರನ್ನು ಬಾಯಿಗಿಟ್ಟು ಒಂದೇ ಸಲ ಎಳೆದು ಸಿಪ್ಪೆ ಉಗಿಯುವಷ್ಟರಲ್ಲಿ ಅವರ ಕಾಲು ಮುಂದಿನ ಕೆಲಸದ ಕಡೆಗೆ ಹೊರಟಿರುತ್ತಿತ್ತು.

ಅವರನ್ನು ಎಲ್ಲರೂ ಮೈಕ್‌ಸೆಟ್ಟಿನವರು ಎಂದೇ ಕರೆಯುತ್ತಿದ್ದದ್ದು. ಹರೆಯದಲ್ಲಿ ಮದುವೆ, ಸಭೆಗಳಿಗೆ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದರಂತೆ. ಆಮೇಲೆ ಶ್ರೀರಂಗಪಟ್ಟಣದಲ್ಲಿ ಒಂದು ಟೀವಿ ರಿಪೇರಿ ಅಂಗಡಿ ಇಟ್ಟರು. ಅದರ ಜೊತೆಗೇ ಎಷ್ಟೋ ವರ್ಷಗಳಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೆಗೂ ಓಡಾಡಿ ಮನೆಗಳಿಗೆ ಹೋಮ್ ಥಿಯೇಟರ್ ಕೂಡಿಸಿ ಬರುತ್ತಿದ್ದರು. ಯಾರ ಮನೆಯಲ್ಲೂ ಕೂತವರಲ್ಲ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಮನೆಯೆಲ್ಲ ಸುತ್ತಿ, ಗೋಡೆಗೆ ಬೆರಳಿನಲ್ಲಿ ತಟ್ಟಿ ನೋಡಿ, ಕಿಟಕಿಯಲ್ಲಿ ಇಣುಕಿ, ಲೋಟವನ್ನು ಎಲ್ಲೋ ಇಟ್ಟು ಮರೆಯುತ್ತಿದ್ದರು.

ಅರಕೆರೆಯ ನಮ್ಮ ಮನೆಗೆ ಅವರನ್ನು ಕರೆಸಿದವಳು ನಾನು. ನಡುಮನೆಯ ಸುತ್ತ ಇಟ್ಟಿದ್ದ ಐದು ಸ್ಪೀಕರಿನ ಹಳೆಯ ಹೋಮ್ ಥಿಯೇಟರನ್ನು ಯಾರಿಗಾದರೂ ಕೊಟ್ಟುಬಿಡಬೇಕಾಗಿತ್ತು. ಅದನ್ನು ಆಸೆಯಿಂದ ತಂದವನು ನನ್ನ ತಮ್ಮ. ಇಪ್ಪತ್ತನಾಲ್ಕು ವರ್ಷದ ಅವನಿಗೆ ಒಂದು ವಿಪರೀತ ಜ್ವರ ಬಂದು ಎರಡೂ ಕಣ್ಣಿನ ನರಗಳು ಹೋಗಿದ್ದವು. ಹದಿನಾಲ್ಕು ತಿಂಗಳಿಂದ ಅವನು ಹೊಸ್ತಿಲು ದಾಟಿರಲಿಲ್ಲ. ಟೀವಿ ಹಾಕಿದರೆ ಆರಿಸು ಅನ್ನುತ್ತಿದ್ದ. ಮಾತಾಡಿದರೆ ಸಿಡುಕುತ್ತಿದ್ದ. ನಾನು ಬೆಳಿಗ್ಗೆ ಸಂಜೆ ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡುವ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿದ್ದರೆ ಮನೆಯ ಯೋಚನೆ, ಮನೆಗೆ ಬಂದರೆ ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸುವುದು.

ಮೈಕ್‌ಸೆಟ್ಟಿನವರು ಸ್ಪೀಕರುಗಳನ್ನು ನೋಡಲಿಲ್ಲ. ಟೀವಿಯ ಕೆಳಗೆ ಧೂಳು ಹಿಡಿದು ಕೂತಿದ್ದ ಗೇಮ್ ಪೆಟ್ಟಿಗೆಯನ್ನು ನೋಡಿ, ಇದು ಯಾರದು ಎಂದರು. ತಮ್ಮನದು, ಈಗ ಅವನಿಗೆ ಕಣ್ಣು ಕಾಣಿಸುವುದಿಲ್ಲ ಎಂದೆ.

“ಕಿವಿ ಐತಲ್ಲ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಆಡುವ ಮಾತೇ ಇದು ಎಂದು ಕೇಳಿಯೇಬಿಟ್ಟೆ. ಅವರು ಬಗ್ಗಿ ಟೀವಿಯ ಬೆನ್ನಿಗೆ ಟಾರ್ಚು ಬಿಟ್ಟರು. ಒಳಗೆ ಕೂತಿದ್ದ ತಮ್ಮನಿಗೆ ಕೇಳುವಂತೆ, ಅದು ಯಾವ ಆಟ, ಶತ್ರುಗಳು ಎಲ್ಲಿಂದ ಬರುತ್ತಾರೆ ಎಂದು ವಿಚಾರಿಸಿದರು. ಒಳಗಿನಿಂದಲೇ ತಮ್ಮ, “ಬೆನ್ನಿಂದೆಯಿಂದ ಬತ್ತಾರೆ,” ಎಂದ. ಅವನು ಹೊರಗಿನವರೊಡನೆ ಮಾತಾಡಿದ್ದು ಎಷ್ಟೋ ದಿನಗಳ ಮೇಲೆ.

ಗೇಮ್ ಪೆಟ್ಟಿಗೆಯಿಂದ ಹೊರಡುವುದು ಚಿತ್ರ, ಸದ್ದು ಎರಡನ್ನೂ ಒಯ್ಯುವ ಒಂದೇ ಒಂದು ಎಚ್‌ಡಿಎಂಐ ಕೇಬಲ್. ನಮ್ಮ ಹೋಮ್ ಥಿಯೇಟರಿನಲ್ಲಿ ಅದಕ್ಕೆ ಜಾಗವೇ ಇಲ್ಲ, ಬರೀ ಸದ್ದು ಒಯ್ಯುವ ಆಪ್ಟಿಕಲ್ ಕೇಬಲ್ಲಿಗೆ ಮಾತ್ರ ಒಂದು ತೂತು. ಅವರು ಪೆಟ್ಟಿಗೆಯನ್ನು ಟೀವಿಗೆ, ಟೀವಿಯನ್ನು ಆಪ್ಟಿಕಲ್ ಕೇಬಲ್ಲಿನಲ್ಲಿ ಹೋಮ್ ಥಿಯೇಟರಿಗೆ ಸೇರಿಸಿದರು. ಮುಂದಿನ ಸ್ಪೀಕರುಗಳು ಮೊಳಗಿದವು, ಹಿಂದಿನ ಎರಡೂ ಮೂಕ. ಪೆಟ್ಟಿಗೆಯ ಸೆಟ್ಟಿಂಗ್‌ಗೆ ಹೋಗಿ, ಎಲ್ಲ ಸದ್ದನ್ನೂ ಎರಡು ಸ್ಪೀಕರಿಗೆ ಇಳಿಸಿ ಕಳಿಸುವ ಬದಲು ಐದಾಗಿಯೇ ಕಳಿಸುವಂತೆ ಬದಲಾಯಿಸಿದರು. ಹಿಂದಿನ ಗೋಡೆಯಲ್ಲಿ ಯಾರೋ ಹೆಜ್ಜೆ ಇಟ್ಟ ಸದ್ದು ಬಂತು. ತಮ್ಮ ಬಾಗಿಲಿಗೆ ಬಂದು ನಿಂತಿದ್ದ. ಅವನ ಕೈಗೆ ಕಂಟ್ರೋಲರ್ ಕೊಟ್ಟರು.

ಒಂದು ಗಳಿಗೆ ಆಡಿ ಅವನು ಅದನ್ನು ಬಿಸಾಕಿದ. ಗುಂಡಿ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ, ಅಷ್ಟರಲ್ಲಿ ಸತ್ತಿರುತ್ತೇನೆ ಎಂದ. ನನಗೆ ಅಂಥದ್ದೇನೂ ಅನ್ನಿಸಲಿಲ್ಲ. ಮೈಕ್‌ಸೆಟ್ಟಿನವರು ಮಾತ್ರ ಅವನನ್ನು ನಂಬಿದರು. ತಡ ಆಗುವುದು ಟೀವಿಯೊಳಗೆ ಎಂದವರೇ ವೈರುಗಳನ್ನು ನೆಲದ ಮೇಲೆ ಹಾಗೆಯೇ ಬಿಟ್ಟು ಮೊಪೆಡ್ ಹತ್ತಿ ಹೊರಟುಹೋದರು. ಯಾವಾಗ ಬರುತ್ತಾರೆಂದು ಹೇಳಲೂ ಇಲ್ಲ. ಇಷ್ಟು ದಿನದ ಮೇಲೆ ಹುಟ್ಟಿದ ಆಸೆಯನ್ನು ನಡುಮನೆಯಲ್ಲಿ ಹರಡಿ ಹೋದರಲ್ಲ ಎಂದು ನಾನು ಅವರನ್ನು ಬೈದುಕೊಂಡೆ. ತಮ್ಮ ಮೂರು ದಿನ ಬೀದಿಯಲ್ಲಿ ಮೊಪೆಡ್ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದ.

ನಾಲ್ಕನೆಯ ದಿನ ಮೈಸೂರಿನಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಡಬ್ಬಿ ತಂದರು. ಸದ್ದು ಟೀವಿಯನ್ನು ಮುಟ್ಟುವ ಮೊದಲೇ ಅದನ್ನು ಬೇರೆ ಮಾಡಿ ಹೋಮ್ ಥಿಯೇಟರಿಗೆ ಕಳಿಸುವ ಡಬ್ಬಿ. ಅದನ್ನು ನಡುವೆ ಇಟ್ಟು, ಸ್ಪೀಕರುಗಳ ಹಳೆಯ ವೈರುಗಳನ್ನೂ ಬಿಚ್ಚಿ ಮತ್ತೆ ಸೇರಿಸಿದರು. ಈಗ ಗುಂಡಿಗೂ ಸದ್ದಿಗೂ ನಡುವೆ ತಡವಿರಲಿಲ್ಲ. ಆ ಆಟದ ದಾರಿಗಳೆಲ್ಲ ತಮ್ಮನಿಗೆ ಬಾಯಿಪಾಠ. ಆದರೂ ಶತ್ರು ಬಂದಾಗಲೆಲ್ಲ ತಪ್ಪು ಕಡೆಗೇ ತಿರುಗುತ್ತಿದ್ದ. ನಾಲ್ಕೈದು ಸಲ ಸತ್ತ ಮೇಲೆ, ಹಿಂದಿನ ಎರಡು ಸ್ಪೀಕರು ಅದಲುಬದಲಾಗಿವೆ, ನಿಮಗೆ ಗೊತ್ತಾಗಲಿಲ್ಲವೇ ಎಂದು ಕೇಳಿದ.

ಮೈಕ್‌ಸೆಟ್ಟಿನವರು ನಿಂತಲ್ಲೇ ನಿಂತರು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಅವರು ಕೂತದ್ದನ್ನು ನಾನು ಕಂಡದ್ದು ಆವತ್ತೇ.

“ಎಡಗಿವಿ ಕೇಳಕಿಲ್ಲ ಕಣವ್ವ ನಂಗೆ,” ಎಂದರು, ನನ್ನ ಕಡೆ ನೋಡದೆ. “ಮೈಕ್‌ಸೆಟ್ಟಿನ ಆರನ್ ಮುಂದೆ ನಿಂತು ನಿಂತು ಓಗ್ಬುಡ್ತು. ಒಂದೇ ಕಿವಿ ಆದ್ರೆ ಸದ್ದು ಯಾವ ಕಡೆಯಿಂದ ಬತ್ತದೆ ಅಂತ ತಿಳಿಯಾಕಿಲ್ಲ. ಯಾರ್ಗೂ ಯೋಳಿಲ್ಲ. ಯೋಳುದ್ರೆ ಯಾರು ಕರೀತಾರೆ?”

ವೈರಿನ ಬಣ್ಣ ನೋಡಿಕೊಂಡೇ ಇಷ್ಟು ವರ್ಷ ಕೆಲಸ ಮಾಡಿದ್ದರಂತೆ. ಹಳೆಯ ವೈರಿನ ಬಣ್ಣ ಮಾಸಿದ್ದರೆ ಊಹೆಯ ಮೇಲೆ. ಅವರು ಎದ್ದು ಎರಡು ವೈರುಗಳನ್ನು ಬದಲಾಯಿಸಿದರು. ತಮ್ಮ ಮತ್ತೆ ಆಡಿದ. ಎಡಕ್ಕೆ ಹೆಜ್ಜೆ ಸದ್ದಾಯಿತು, ಅವನು ಸರಕ್ಕನೆ ತಿರುಗಿ ಹೊಡೆದ, ಶತ್ರು ಬಿದ್ದ. ತಮ್ಮ ಆಗಲೇ ಮುಂದಿನ ಹೆಜ್ಜೆಗೆ ಕಿವಿಗೊಟ್ಟಿದ್ದ. ಅವನ ಕುತ್ತಿಗೆಯ ನರ ಪಟಪಟ ಬಡಿಯುತ್ತಿದ್ದುದು ನನಗೆ ಕಂಡಿತು. ನಾನು ಅಡುಗೆಮನೆಗೆ ಹೋಗಿ ಮುಖಕ್ಕೆ ಸೆರಗು ಒತ್ತಿಕೊಂಡೆ.

ಮುಂದಿನ ವಾರ ಅವರು ಮತ್ತೆ ಬಂದರು. ಪಾಲಹಳ್ಳಿಯ ಒಂದು ಮನೆಯ ಸ್ಪೀಕರು ಕೇಳಿ ನೋಡಲು ತಮ್ಮನನ್ನು ಕಳಿಸು ಎಂದು ನನ್ನನ್ನು ಕೇಳಿದರು. ನಾನು ಆಗುವುದೇ ಇಲ್ಲ ಎಂದೆ. ಮೊಪೆಡ್ಡಿನ ಹಿಂದೆ, ಆ ರಸ್ತೆಯಲ್ಲಿ, ಕಣ್ಣಿಲ್ಲದವನನ್ನು? ತಮ್ಮನಿಗೂ ರೇಗಿತು. ತನ್ನ ಮೇಲೆ ಯಾರೂ ಕನಿಕರ ಪಡಬೇಕಾಗಿಲ್ಲ ಎಂದ.

“ಕನಿಕರ ಅಲ್ಲ ಕಣ್ಲಾ,” ಎಂದರು ಅವರು. “ನೀನು ನಡುಮನೇಲಿ ಕುಂತು ಕೇಳಿ ಸರಿ ಐತೆ ಅಂದ್ಬುಟ್ರೆ ನಾನು ನೆಮ್ದಿಯಾಗಿ ಮನೆಗೆ ಓಗ್ತೀನಿ. ಅಷ್ಟೆಯ.”

ತಮ್ಮ ಬಾಗಿಲ ಬಳಿ ತಡಕಾಡಿ ತನ್ನ ಚಪ್ಪಲಿಯನ್ನು ತಾನೇ ಹುಡುಕಿಕೊಂಡ.

ಆ ಪಾಲಹಳ್ಳಿಯ ಮನೆಯ ಹೋಮ್ ಥಿಯೇಟರ್ ಅವರೇ ಎಷ್ಟೋ ವರ್ಷದ ಹಿಂದೆ ಕೂಡಿಸಿದ್ದು. ಅಲ್ಲೂ ಹಿಂದಿನ ಸ್ಪೀಕರು ತಿರುವುಮುರುವಾಗಿದ್ದವು. ಮನೆಯ ಯಜಮಾನರು, ರಿಟೈರಾದ ಮೇಷ್ಟ್ರು, ಇಷ್ಟು ದಿನ ತಿಳಿಯದ್ದು ಇನ್ನು ತಿಳಿಯುವುದಿಲ್ಲ, ಇರಲಿ ಬಿಡಿ ಎಂದರಂತೆ. ಇವರು ಬಿಡಲಿಲ್ಲ. ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿ ಸರಿಮಾಡಿದರು. ಮುಂದೆ ಒಂದು ತಿಂಗಳು ಇಬ್ಬರೂ ಅವರು ಹಿಂದೆ ಕೆಲಸ ಮಾಡಿದ್ದ ಮನೆಗಳನ್ನೇ ಹುಡುಕಿಕೊಂಡು ಹೋದರು, ದೂರದ ಊರಾದರೆ ಬಸ್ಸಿನಲ್ಲಿ. ಕಿವಿಯ ವಿಷಯವನ್ನೂ ಅವರು ಮುಚ್ಚಿಡಲಿಲ್ಲ. ಕರೆಯುವವರು ಕಡಿಮೆಯಾಗಲಿಲ್ಲ. ಕಣ್ಣಿಲ್ಲದ ಹುಡುಗ ಕೂತು ಕೇಳಿ ಹೇಳುತ್ತಾನೆ ಎಂಬ ಸುದ್ದಿ ಹರಡಿ ಹೆಚ್ಚೇ ಆದರು.

ಎರಡು ವರ್ಷ ಹೀಗೆ ನಡೆಯಿತು. ಹೋದ ಮಾಗಿಯಲ್ಲಿ ನಾಗಮಂಗಲದ ಬಸ್ ನಿಲ್ದಾಣದಲ್ಲಿ, ಬಸ್ಸು ಬಂತೇ ಎಂದು ಅತ್ತಿತ್ತ ಓಡಾಡುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಅವರ ಹೆಜ್ಜೆ ನಿಂತದ್ದು ತಮ್ಮನಿಗೆ ತಿಳಿಯಿತು. ಕೂಗಿ ಜನ ಸೇರಿಸಿ, ಆಟೋ ಹತ್ತಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದ. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು.

ಮಣ್ಣು ಮಾಡಿದ ಮಾರನೆಯ ದಿನ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು: “ಮೊದ್ಲೆಲ್ಲ ಉಣ್ತಾ ಉಣ್ತಾನೇ ಎದ್ಬುಡೋರು ಕಣವ್ವ, ಯಾರ ಮನೇಲೋ ಏನೋ ತಪ್ಪಾಗೈತೆ ಅನ್ನೋರು. ನಿನ್ ತಮ್ಮ ಜೊತೆಗೆ ಬಂದ್ ಮ್ಯಾಲೆ ಒಟ್ಟೆ ತುಂಬ ಉಂಡ್ರು.”

ಕಾರ್ಯ ಕಳೆದ ಮೇಲೆ ಅಂಗಡಿಯ ಬೀಗದ ಕೈಯನ್ನು ಅವರ ಹೆಂಡತಿ ನನ್ನ ತಮ್ಮನಿಗೇ ಕೊಟ್ಟರು. ಈಗ ಅವನು ದಿನಾ ಅರಕೆರೆಯಿಂದ ಅಂಗಡಿಗೆ ಒಬ್ಬನೇ ಬಸ್ಸಿನಲ್ಲಿ ಹೋಗುತ್ತಾನೆ. ಸಂಜೆ ಬಸ್ಸು ಹತ್ತು ನಿಮಿಷ ತಡವಾದರೆ ನಾನು ಡೈರಿಯ ಬಾಗಿಲಿಗೂ ರಸ್ತೆಗೂ ತಿರುಗಾಡುತ್ತೇನೆ, ಕೈಯಲ್ಲಿ ಹಿಡಿದದ್ದನ್ನು ಎಲ್ಲಿಟ್ಟೆನೋ ಮರೆಯುತ್ತೇನೆ. ಹದಿನಾಲ್ಕು ತಿಂಗಳು ಅವನು ಒಳಗೇ ಕೂತಿದ್ದಾಗ ಹೀಗೆ ದಾರಿ ಕಾಯುವುದು ನನಗಿರಲಿಲ್ಲ.