ಚಹಾ ಬಿದ್ದ ಪ್ರಶ್ನೆಗಳು

ಎರಡು ವರ್ಷದ ಹಿಂದೆ ಸಿಂದಗಿಯಲ್ಲಿ ನಡೆದ ರಸಪ್ರಶ್ನೆ ಸ್ಪರ್ಧೆಯಲ್ಲಿ ಸಮಯ ನೋಡಿ ಗಂಟೆ ಬಾರಿಸುವ ಕೆಲಸ ನನ್ನದಾಗಿತ್ತು. ಅಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯಲು ಕೂತಿದ್ದೇನೆ. ಏಲಕ್ಕಿ ಹಾಕಿದ ಚಹಾದ ವಾಸನೆ ಬಂದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗ ನಾನು ಎದ್ದು ವರಾಂಡಕ್ಕೆ ಹೋಗುವುದನ್ನು ಜೊತೆಯವರು ಗಮನಿಸಿದ್ದಾರೆ. ಪಿತ್ತ ಇರಬೇಕು ಎನ್ನುತ್ತಾರೆ.

ನಾನು ಮುದ್ದೇಬಿಹಾಳದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳ ಶಾಲೆಗಳು ಸೇರಿ ವರ್ಷಕ್ಕೊಮ್ಮೆ ಸಾಮಾನ್ಯ ಜ್ಞಾನದ ಸ್ಪರ್ಧೆ ನಡೆಸುತ್ತವೆ. ಒಂದು ವರ್ಷ ಒಂದು ಊರಿನ ಸರದಿ. ಯಾರ ಸರದಿಯೋ ಊಟ ಅವರದು, ಶಾಮಿಯಾನ ಅವರದು, ಪ್ರಶ್ನೆ ತೆಗೆಯುವುದೂ ಅವರೇ. ಮತ್ತು ಗೆಲ್ಲುವುದೂ ಅವರೇ. ಈ ಕೊನೆಯ ಮಾತನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾಲ್ಕು ಊರಿನ ಮಾಸ್ತರರಿಗೂ ಅದು ತಾನಾಗಿ ತಿಳಿದಿರುತ್ತದೆ. ಮದುವೆ ಮನೆಯ ಮುಯ್ಯಿಯ ಹಾಗೆ ಅದನ್ನು ಪಾಲಿಸುತ್ತಾರೆ: ಈ ಸಲ ಅವರಿಗೆ, ಬರುವ ಸಲ ನಮಗೆ. ಬಹುಮಾನವೆಂದರೆ ಒಂದು ಹಿತ್ತಾಳೆ ಬಣ್ಣದ ಕಪ್ಪು. ಅದು ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಕಪಾಟಿನಲ್ಲಿ ಒಂದು ವರ್ಷ ಧೂಳು ತಿಂದು ಮುಂದಿನ ಊರಿಗೆ ಹೋಗುತ್ತಿತ್ತು. ಇದು ನನ್ನ ಕಿವಿಗೂ ಬಿದ್ದಿತ್ತು. ದೊಡ್ಡವರ ಹುಡುಗಾಟ ಎಂದುಕೊಂಡಿದ್ದೆ.

ಆ ವರ್ಷ ಒಂದು ಬದಲಾವಣೆಯಾಯಿತು. ಒಬ್ಬ ದಾನಿ ಮುಂದೆ ಬಂದು, ಗೆದ್ದ ತಂಡದ ಇಬ್ಬರು ಮಕ್ಕಳನ್ನು ವಿಜಯಪುರದ ಕಾಲೇಜಿನಲ್ಲಿ ಎರಡು ವರ್ಷ ಪಿಯುಸಿ ವಿಜ್ಞಾನ ಓದಿಸುವುದಾಗಿ, ಹಾಸ್ಟೆಲ್ಲು ಊಟ ಎಲ್ಲ ತನ್ನದೇ ಎಂದು ಹೇಳಿದರು. ಸರದಿಯ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

ಮಧ್ಯಾಹ್ನದ ಊಟಕ್ಕೆ ನನ್ನ ಪಕ್ಕದಲ್ಲಿ ಇಂಡಿ ತಂಡದ ಹುಡುಗಿ ಕೂತಿದ್ದಳು. ಹತ್ತನೆಯ ತರಗತಿಯವಳು, ಅಗರಖೇಡದವಳು. ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಪಲ್ಯ ಹಚ್ಚದೆ, ಏನನ್ನೋ ನೆನಪಿಸಿಕೊಳ್ಳುತ್ತ ತಿನ್ನುತ್ತಿದ್ದಳು. ನಾನೇ ಮಾತಾಡಿಸಿದೆ. ವಿಜ್ಞಾನ ಓದಬೇಕೆಂದಿದೆ, ಆದರೆ ಇಂಡಿಯ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೋಗಿಬಿಟ್ಟಿರುತ್ತದೆ, ಆರ್ಟ್ಸ್ ಆದರೆ ಮಧ್ಯಾಹ್ನವೇ ಬಿಡುತ್ತಾರೆ, ಹಾಗಾಗಿ ಮನೆಯಲ್ಲಿ ಆರ್ಟ್ಸ್ ಎಂದಿದ್ದಾರೆ ಎಂದಳು. ಹಾಸ್ಟೆಲ್ಲಿನ ಸೀಟು ಸಿಕ್ಕರೆ ಅಪ್ಪ ಒಪ್ಪುತ್ತೇನೆಂದು ಮಾತು ಕೊಟ್ಟಿದ್ದರಂತೆ. ಮಾತು ಕೊಡುವಾಗ ಯಾರ್‍ಯಾರು ಅಲ್ಲಿದ್ದರು ಎಂಬುದನ್ನೂ ಹೇಳಿದಳು, ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯ ಕಾಕು. ಸಾಕ್ಷಿ ಇದ್ದಾರೆ ಎಂಬ ಧೈರ್ಯ ಅವಳಿಗೆ.

ಸಭಾಂಗಣದಲ್ಲಿ ನಾಲ್ಕು ಮೇಜು. ಒಂದೊಂದರ ಮೇಲೂ ಒಂದು ಗುಂಡಿ, ಗುಂಡಿ ಒತ್ತಿದರೆ ಗೋಡೆಯ ಹಲಗೆಯ ಮೇಲೆ ಬಲ್ಬು ಹತ್ತುತ್ತದೆ: ಸಿಂದಗಿಗೆ ಕೆಂಪು, ಇಂಡಿಗೆ ಹಸಿರು, ಉಳಿದವರಿಗೆ ಹಳದಿ, ನೀಲಿ. ಯಾರ ಬಲ್ಬು ಮೊದಲು ಹತ್ತುತ್ತದೆಯೋ ಅವರು ಉತ್ತರಿಸಬೇಕು. ಪ್ರಶ್ನೆ ಮುಗಿಯುವ ಮೊದಲೇ ಒತ್ತಬಹುದು. ತಪ್ಪಾದರೆ ಪ್ರಶ್ನೆಯನ್ನು ಪೂರ್ತಿ ಓದಿ ಉಳಿದವರಿಗೆ ಬಿಡುತ್ತಾರೆ. ಪ್ರಶ್ನೆಗಳು ರಟ್ಟಿನ ಕಾರ್ಡುಗಳಲ್ಲಿದ್ದವು. ಆತಿಥೇಯ ಶಾಲೆಯ ಒಬ್ಬ ಮಾಸ್ತರರು ಅವನ್ನು ಒಂದೊಂದಾಗಿ ಎತ್ತಿ ಓದುತ್ತಿದ್ದರು. ನಾನು ಅವರ ಎಡಕ್ಕೆ, ಗಡಿಯಾರ ಮತ್ತು ಗಂಟೆಯ ಮುಂದೆ ಕೂತಿದ್ದೆ.

ಮೊದಲ ಸುತ್ತಿನಲ್ಲಿ ಕೆಂಪು ಬಲ್ಬು ಆರಲೇ ಇಲ್ಲ ಎನ್ನಬೇಕು. ಸಿಂದಗಿ ಮೇಜಿನ ಹುಡುಗ, ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಶೂ, ಪ್ರಶ್ನೆಯ ಎರಡನೆಯ ಪದಕ್ಕೇ ಒತ್ತುತ್ತಿದ್ದ. ಉತ್ತರ ಹೇಳುವಾಗ ಅವನ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ, ಮಗ್ಗಿ ಒಪ್ಪಿಸುವವರ ಕಣ್ಣಿನ ಹಾಗೆ ಮೇಲಕ್ಕೆ ಹೋಗಿರುತ್ತಿತ್ತು. ಜನ ಚಪ್ಪಾಳೆ ಹೊಡೆದರು. ಅಷ್ಟರ ನಡುವೆಯೂ ಇಂಡಿಯ ಹುಡುಗಿ ಕೆಲವನ್ನು ಕಸಿದುಕೊಂಡಳು. ಅವಳು ಮಾತ್ರ ಪ್ರಶ್ನೆ ಓದುವವರ ತುಟಿಯನ್ನು ನೋಡುತ್ತಿದ್ದಳು.

ಎರಡನೆಯ ಸುತ್ತಿನ ಹೊತ್ತಿಗೆ ವೇದಿಕೆಯ ಮೇಲಿನ ಗಣ್ಯರಿಗೆ ಚಹಾ ಬಂತು. ಟ್ರೇ ಹಿಡಿದವರು ದಾರಿಯಿಲ್ಲದೆ ನಮ್ಮ ಮೇಜಿನ ಮೇಲಿಂದ ಕೈ ಚಾಚಿದರು. ಒಂದು ಕಪ್ಪು ವಾಲಿ ಕಾರ್ಡುಗಳ ಮೇಲೆ ಬಿತ್ತು. ಮಾಸ್ತರರು ಹೆಗಲ ಟವೆಲ್ಲಿನಿಂದ ಒತ್ತಿ ಒರೆಸಿದರು, ಬೈಯಲಿಲ್ಲ, ನಕ್ಕರು. ಏಲಕ್ಕಿ, ಸಕ್ಕರೆ ಎರಡೂ ಜಾಸ್ತಿ ಹಾಕಿದ ಚಹಾ. ಅದು ಒಣಗುತ್ತ ಅಂಟಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ಒಂದೆರಡು ಪ್ರಶ್ನೆ ಸರಿಯಾಗಿಯೇ ಹೋದವು. ಆಮೇಲೆ ಅವರು ಹೊಸ ಕಾರ್ಡು ಎತ್ತಿ, ದೇಹದಲ್ಲಿ ರಕ್ತವನ್ನು ಸೋಸುವ ಅಂಗ ಯಾವುದು ಎಂದು ಓದತೊಡಗಿದರು. ‘ದೇಹದಲ್ಲಿ’ ಎನ್ನುವಷ್ಟರಲ್ಲಿ ಕೆಂಪು ಬಲ್ಬು ಹತ್ತಿತು.

“ಗ್ರೀನ್‌ಲ್ಯಾಂಡ್,” ಎಂದ ಹುಡುಗ.

ಮಕ್ಕಳು ನಕ್ಕರು. ಮಾಸ್ತರರು ತಪ್ಪು ಎಂದು ಪ್ರಶ್ನೆಯನ್ನು ಪೂರ್ತಿ ಓದಿದರು, ಇಂಡಿಯ ಹುಡುಗಿ ಮೂತ್ರಪಿಂಡ ಎಂದಳು. ಸಿಂದಗಿಯ ಹುಡುಗ ಮುಂದಿನ ಸಾಲಿನಲ್ಲಿ ಕೂತಿದ್ದ ತನ್ನ ಶಿಕ್ಷಕರ ಕಡೆ ನೋಡಿದ. ಅವರು ಗಲ್ಲ ಎತ್ತಿ, ಮುಂದೆ ಹೇಳು ಎಂಬಂತೆ ಸನ್ನೆ ಮಾಡಿದರು. ಇದನ್ನು ನಾನು ನೋಡಿದೆ. ಮುಂದಿನ ಪ್ರಶ್ನೆ ರಾಜ್ಯಪಾಲರಿಗೆ ಪ್ರಮಾಣವಚನ ಬೋಧಿಸುವವರು ಯಾರೆಂಬುದು. ಮತ್ತೆ ಕೆಂಪು ಬಲ್ಬು.

“ಮೂತ್ರಪಿಂಡ.”

ಈ ಸಲ ಮಕ್ಕಳ ನಗೆ ಛಾವಣಿ ಮುಟ್ಟಿತು. ನಾನು ಸಭೆಯನ್ನು ನೋಡಿದೆ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಮಾಸ್ತರರ ಸಾಲಿನಲ್ಲಿ ಒಬ್ಬರೂ ನಗಲಿಲ್ಲ. ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು, ಒಬ್ಬರು ಮೊಬೈಲು ನೋಡಿದರು. ನಾಲ್ಕೂ ಊರಿನವರು. ಮಕ್ಕಳಿಗೆ ಅದು ತಮಾಷೆಯಾಗಿ ಕಂಡಿತ್ತು, ದೊಡ್ಡವರಿಗೆ ಏನು ತಪ್ಪಿದೆ ಎಂಬುದು ಗೊತ್ತಾಗಿತ್ತು.

ವಿಟಮಿನ್ ಸಿ ಕೊರತೆಯಿಂದ ಬರುವ ರೋಗ ಯಾವುದೆಂಬ ಪ್ರಶ್ನೆಗೆ ಹುಡುಗ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂದ. ಮಕ್ಕಳು ನಗುತ್ತಲೇ ಇದ್ದರು, ಆದರೂ ಹೇಳಿದ. ಸಾಲಿನಲ್ಲಿ ಒಂದನ್ನೂ ಬಿಡಬೇಡ ಎಂದು ಕಲಿಸಿದ್ದರು, ಅವನು ಬಿಡಲಿಲ್ಲ. ಇಂಡಿಯ ಹುಡುಗಿ ಈ ಎರಡಕ್ಕೂ ಸರಿಯುತ್ತರ ಕೊಟ್ಟಿದ್ದಳು. ಹಲಗೆಯಲ್ಲಿ ಅವಳ ಅಂಕ ಸಿಂದಗಿಯ ಅಂಕವನ್ನು ದಾಟಿತು.

ಮಾಸ್ತರರು ಓದಿ ಬದಿಗಿಟ್ಟಿದ್ದ ಕಾರ್ಡುಗಳನ್ನು ಎತ್ತಿ ಉಗುರಿನಿಂದ ಕೆರೆದರು. ಎರಡು ಬೇರೆಯಾದವು. ಒಳಗಿನದರ ಮೇಲೆ, ಚಹಾದ ಕಂದು ಕಲೆಯ ನಡುವೆ, ಪ್ರಪಂಚದ ಅತಿ ದೊಡ್ಡ ದ್ವೀಪ ಯಾವುದು ಎಂದಿತ್ತು. ಅವರು ಅದನ್ನು ಮಗುಚಿಟ್ಟು, ಮೈಕಿನಲ್ಲಿ ಹತ್ತು ನಿಮಿಷ ವಿರಾಮ ಎಂದರು.

ವಿರಾಮದಲ್ಲಿ ನಾಲ್ಕು ಊರಿನವರೂ ಪಕ್ಕದ ಕೋಣೆಯಲ್ಲಿ ಸೇರಿದರು. ಅಲ್ಲಿ ಯಾರೂ ಜಗಳ ಮಾಡಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ದನಿ ಎತ್ತಿದ್ದರೆ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ. ಬಿಸ್ಕೀಟು ತಿನ್ನುತ್ತ, ಕಾರ್ಡು ಒದ್ದೆಯಾದ ಕಾರಣ ಎರಡನೆಯ ಸುತ್ತನ್ನು ರದ್ದು ಮಾಡೋಣ ಎಂದು ಮಾತಾಡಿಕೊಂಡರು. ಕಾರ್ಡು ಒದ್ದೆಯಾದದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ರದ್ದಾದರೆ ಹುಡುಗಿಯ ಅಂಕಗಳು ಹೋಗುತ್ತಿದ್ದವು, ಸಿಂದಗಿ ಮತ್ತೆ ಮುಂದಾಗುತ್ತಿತ್ತು.

ನಾನು ಮಾತಾಡಿದೆ. ಆ ಹುಡುಗನಿಗೆ ಉತ್ತರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸಿದ್ದೀರಿ, ಇಡೀ ಸಭೆ ಅದನ್ನು ಕಂಡಿದೆ, ರದ್ದಾಗಬೇಕಾದದ್ದು ಮೊದಲ ಸುತ್ತು, ಈ ಸುತ್ತಲ್ಲ ಎಂದೆ. ಎಲ್ಲರೂ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಬಸವನ ಬಾಗೇವಾಡಿಯಿಂದ ಬಂದಿದ್ದ ಹಿರಿಯರು ನನ್ನ ಕಡೆ ಬಿಸ್ಕೀಟಿನ ತಟ್ಟೆ ಸರಿಸಿದರು.

“ಅಕ್ಕೋರ, ಅವ್ರ ಊಟ ಉಂಡೀವಿ. ಕೈ ತೊಳದ ನೀರು ಇನ್ನಾ ಆರಿಲ್ಲ. ಅವ್ರ ಕಪ್ಪು ಹೊತ್ಕೊಂಡು ಹೋಗೂದು ಛಂದ ಕಾಣ್ತೈತೇನ್ರಿ?”

ಕಪ್ಪಿನ ಮಾತಲ್ಲ, ಹುಡುಗಿಯ ಓದಿನ ಮಾತು ಎಂದೆ.

“ನಿಮ್ದೂ ಸರದಿ ಬರ್ತೈತ್ರಿ,” ಎಂದರು ಅವರು. ಸಮಾಧಾನ ಹೇಳುವ ದನಿ ಅದು. “ಆಗ ನಾವೂ ಸುಮ್ಮಕಿರ್ತೀವಿ.”

ಇಂಡಿ ತಂಡವನ್ನು ಕರೆತಂದಿದ್ದ ಶಿಕ್ಷಕರನ್ನು ನೋಡಿದೆ. ಅವರು ಒಂದು ಮಾತು ಆಡಿದರೆ ಸಾಕಿತ್ತು. ಹೌದ್ರಿ, ರದ್ದು ಮಾಡೂದ ಬರೋಬ್ಬರಿ ಐತಿ ಎಂದರು. ಮುಂದಿನ ವರ್ಷದ ಸರದಿ ಇಂಡಿಯದಾಗಿತ್ತು.

ಹೊರಗೆ ಬಾಗಿಲ ಬಳಿ ಹುಡುಗಿ ನಿಂತಿದ್ದಳು. ಶಿಕ್ಷಕರು ಅವಳಿಗೆ ಸುತ್ತು ರದ್ದಾಯಿತು ಎಂದು ಹೇಳಿದರು.

“ಮುಂದಿನ ವರ್ಷ ನಮ್ಮೂರಾಗೇ ಐತಿ. ಮನಸಿಗೆ ಹಚ್ಕೋಬ್ಯಾಡ,” ಎಂದರು ಅವರು.

“ಮುಂದಿನ ವರ್ಷ ನಾ ಸಾಲ್ಯಾಗ ಇರಂಗಿಲ್ರಿ ಸರ.”

ಅವರು ಸ್ವಲ್ಪ ಯೋಚಿಸಿದರು. ನಿಜವಾಗಿ ಯೋಚಿಸಿದರು, ನಾನು ಅವರ ಮುಖ ನೋಡುತ್ತಿದ್ದೆ. “ನಿನ್ನ ತಮ್ಮ ಒಂಬತ್ತನೇ ಕ್ಲಾಸಿಗೆ ಬರ್ತಾನಲ್ಲ? ಅವನ್ನ ಕುಂದರಸೂಣು.”

ಅಷ್ಟರಲ್ಲಿ ವರಾಂಡದ ಆಚೆ ಕಂಬದ ಹಿಂದೆ ಸಿಂದಗಿಯ ಹುಡುಗನನ್ನು ಅವನ ಶಿಕ್ಷಕರು ಕಿವಿ ಹಿಡಿದು ನಿಲ್ಲಿಸಿದ್ದರು. “ಪ್ರಶ್ನಿ ಪೂರ್ತಿ ಕೇಳಿ ಹೇಳಬೇಕೋ ಬ್ಯಾಡೋ? ಅಷ್ಟೂ ಬುದ್ಧಿ ಇಲ್ಲೇನ್ ನಿನಗ?” ಹುಡುಗ ಹೌದ್ರಿ ಸರ ಎನ್ನುತ್ತಿದ್ದ. ನಾನು ನಳದ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದೆ. ಮಧ್ಯಾಹ್ನ ಉಂಡ ಶೇಂಗಾ ಹೋಳಿಗೆಯ ಸಿಹಿ ಬಾಯಿಯಿಂದ ಹೋಗುತ್ತಿರಲಿಲ್ಲ.

ಉಳಿದ ಕಾರ್ಡುಗಳನ್ನು ಈಗ ಒಂದೊಂದಾಗಿ ಬಿಡಿಸಿ ಸಾಲಾಗಿ ಇಟ್ಟಿದ್ದರು. ಗಂಟೆ ಬಾರಿಸಲಾರೆ ಎಂದು ನಾನು ವೇದಿಕೆಯಿಂದ ಇಳಿದೆ. ಯಾರೂ ತಡೆಯಲಿಲ್ಲ, ಒಬ್ಬರು ಬಂದು ನನ್ನ ಕುರ್ಚಿಯಲ್ಲಿ ಕೂತರು. ಕೊನೆಯ ಸುತ್ತಿನಲ್ಲಿ ಆ ಹುಡುಗ ಎರಡೂ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡು ಕೂತ. ಅವನ ಶಿಕ್ಷಕರು ಕೆಮ್ಮಿದರು, ಸನ್ನೆ ಮಾಡಿದರು, ಅವನು ಗುಂಡಿ ಮುಟ್ಟಲಿಲ್ಲ. ಅವನ ಜೊತೆಗಾರ ಕೈ ಚಾಚಿ ಒತ್ತಿದ. ಅವನಿಗೂ ಕಲಿಸಿದ್ದರು. ಕೆಂಪು ಬಲ್ಬು ಹತ್ತುತ್ತ ಹೋಯಿತು.

ಇಂಡಿ ತಂಡಕ್ಕೆ ಎರಡನೆಯ ಬಹುಮಾನ ಬಂತು, ಸಾಮಾನ್ಯ ಜ್ಞಾನದ ಒಂದು ದಪ್ಪ ಗೈಡು, ಬಣ್ಣದ ಕಾಗದ ಸುತ್ತಿದ್ದು. ಫೋಟೊ ತೆಗೆಯುವಾಗ ದಾನಿ ಹುಡುಗಿಯ ತಲೆ ಸವರಿದರು. ನಾನು ಅವರನ್ನು ಬದಿಗೆ ಕರೆದು ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದ ಮೇಲೆ, ಸಾಲಿ ಒಳಗಿನ ವಿಷಯ ನೀವ್ ನೀವ ನೋಡ್ಕೋರಿ ಅಕ್ಕೋರ, ನಾ ಯಾರಿಗೆ ಕೊಟ್ರೂ ಪುಣ್ಯ ಒಂದ ಎಂದು ಕಾರು ಹತ್ತಿದರು.

ಬಸ್ ನಿಲ್ದಾಣದಲ್ಲಿ ನಾನು ಮುದ್ದೇಬಿಹಾಳದ ಬಸ್ಸಿಗೆ, ಅವಳು ಇಂಡಿಯ ಬಸ್ಸಿಗೆ ಕಾದೆವು. ಅವಳ ಶಿಕ್ಷಕರು ದೂರ ನಿಂತು ಫೋನಿನಲ್ಲಿದ್ದರು. ಅವಳು ಗೈಡನ್ನು ಬಿಚ್ಚಿರಲಿಲ್ಲ. ಆ ಅಂಟಿದ ಕಾರ್ಡಿನಲ್ಲಿ ಏನಿತ್ತೆಂದು ಕೇಳಿದಳು. ಅತಿ ದೊಡ್ಡ ದ್ವೀಪ ಎಂದೆ.

“ನನಗ ಗೊತ್ತಿತ್ರಿ,” ಎಂದಳು. ಗೈಡನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, “ನನಗ ಕೇಳೇ ಇಲ್ರಿ.”

ಬಸ್ಸು ಬಂತು. ಅವಳು ಕಿಟಕಿಯ ಸೀಟು ಹಿಡಿದು ಈ ಕಡೆ ನೋಡಲಿಲ್ಲ. ಈಗ ಅವಳು ಇಂಡಿಯಲ್ಲಿ ಆರ್ಟ್ಸ್ ಓದುತ್ತಿದ್ದಾಳೆ, ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾಳೆ. ಫೋನು ಮಾಡಿ ಕೇಳಿದಾಗ ಅವಳ ಶಿಕ್ಷಕರೇ ಹೇಳಿದರು, ಛಲೋ ಅದಾಳ್ರಿ ಎಂದು.

ಈ ವರ್ಷ ಮುದ್ದೇಬಿಹಾಳದ ಸರದಿ. ಪ್ರಶ್ನೆ ತೆಗೆದು ಮಕ್ಕಳಿಗೆ ಸ್ವಲ್ಪ ತಯಾರಿ ಮಾಡಿಸಿರಿ ಎಂದು ನಮ್ಮ ಮುಖ್ಯೋಪಾಧ್ಯಾಯರು ನನ್ನನ್ನೇ ಕರೆದರು. ಪ್ರಶ್ನೆ ತೆಗೆಯುತ್ತೇನೆ, ಆದರೆ ಸ್ಪರ್ಧೆಯ ದಿನದವರೆಗೆ ಯಾರಿಗೂ ತೋರಿಸುವುದಿಲ್ಲ ಎಂದೆ. ಅವರು ನಕ್ಕು, ನಿಮಗ ಕೆಲಸ ಭಾಳ ಐತಿ ಬಿಡ್ರಿ ಎಂದು ಅದನ್ನು ಇನ್ನೊಬ್ಬರಿಗೆ ಕೊಟ್ಟರು.

ಕಳೆದ ವಾರ ನನ್ನ ಪ್ರಯೋಗಶಾಲೆಯ ಪಕ್ಕದ ಕೋಣೆಯಿಂದ ದನಿ ಕೇಳುತ್ತಿತ್ತು. ಶಿಕ್ಷಕರು ಒಂದು, ಎರಡು, ಮೂರು ಎನ್ನುತ್ತಿದ್ದರು, ಇಬ್ಬರು ಮಕ್ಕಳು ಒಂದೊಂದು ಅಂಕಿಗೆ ಒಂದೊಂದು ಉತ್ತರ ಒಪ್ಪಿಸುತ್ತಿದ್ದರು. ಪ್ರಶ್ನೆಗಳೇ ಇರಲಿಲ್ಲ. ಶಿಕ್ಷಕರು ಚಹಾಕ್ಕೆಂದು ಹೊರಗೆ ಹೋದಾಗ ನಾನು ಒಳಗೆ ಹೋದೆ. ಇಬ್ಬರೂ ನನ್ನ ತರಗತಿಯ ಮಕ್ಕಳೇ. ಮುಂದೆ ಕೂತಿದ್ದ ಹುಡುಗಿ ಒಳ್ಳೆಯ ತಲೆಯವಳು, ನಾನು ಏನು ಹೇಳಿದರೂ ಯಾಕ್ರಿ ಎಂದು ಕೇಳುವವಳು. ಈಗಷ್ಟೇ ಪಾದರಸ ಅಂದೆಯಲ್ಲ, ಅದೇನು ಎಂದು ಕೇಳಿದೆ.

ಅವಳು ಎದ್ದು ನಿಂತು, ಕಣ್ಣು ಮೇಲೆ ಮಾಡಿ, ನೆನಪಿಸಿಕೊಂಡು ಹೇಳಿದಳು:

“ಅದು ಏಳನೇದ್ರಿ.”