‘ಬರತೇನಿ’ ಎಂದೇ ನೀನು ಹೊರಟಿದ್ದೆ

ಗಂಗವ್ವಾ, ನಿನ್ನ ಸಂಸಾರ ಮುರಿದವಳು ನಾನು. ನಿನ್ನ ಗಂಡನಲ್ಲ, ನಿನ್ನ ಹಣೆಬರಹವೂ ಅಲ್ಲ — ಗಂಡನ ಅಕ್ಕ, ನಾನು. ಅದೂ ಒಂದೇ ಒಂದು ಮಾತು ಬದಲಿಸಿ.

ಕ್ಷಮೆ ಕೇಳುತ್ತಿಲ್ಲ. ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ; ಈಗಲೂ ಅಕ್ಕರೆಯೇನೂ ಉಕ್ಕಿ ಬರುತ್ತಿಲ್ಲ. ನನ್ನ ಗಂಡ ಸತ್ತು ನಾನು ಮೂಡಲಗಿಯ ತವರಿಗೆ ಮರಳಿದ ಮೇಲೆ ಆ ಮನೆ ನನ್ನದಾಗಿತ್ತು. ತಮ್ಮ ಬಸಲಿಂಗ ಕುಡಿಯುವ ನೀರಿಗೂ ನನ್ನನ್ನೇ ಕೂಗುತ್ತಿದ್ದ. ನೀನು ಹುಕ್ಕೇರಿಯಿಂದ ಸೊಸೆಯಾಗಿ ಬಂದೆ — ಅವನು ನಿನ್ನನ್ನು ಕೂಗತೊಡಗಿದ. ನಿನ್ನ ತಪ್ಪು ಇಷ್ಟೇ. ನನ್ನ ಹೊಟ್ಟೆಗೆ ಬೆಂಕಿ ಬೀಳಲು ಅಷ್ಟು ಸಾಕಾಯಿತು.

ಪ್ಲೇಗು ಇಳಿದು, ಜನ ಹೊಲದ ಗುಡಿಸಲು ಬಿಟ್ಟು ಊರಿಗೆ ಮರಳಿದ ವರ್ಷ. ನಿನ್ನ ತಂಗಿಯ ಬಾಣಂತನಕ್ಕೆಂದು ನಿನ್ನನ್ನು ಕರೆಯಲು ನಿನ್ನಪ್ಪ ಗಾಡಿ ಹೂಡಿಕೊಂಡು ಬಂದ. ಸುಗ್ಗಿ ಮುಗಿಯಲಿ, ಈಗ ಬೇಡ ಎಂದ ಬಸಲಿಂಗ. ನೀನೂ ಸುಮ್ಮನಿರುವವಳಲ್ಲ. ಇಬ್ಬರೂ ಆಡಬಾರದ್ದು ಆಡಿದಿರಿ. ಅವನು ಸಿಟ್ಟಿನಲ್ಲಿ ಹೊಲಕ್ಕೆ ಹೋದ. ಗಾಡಿ ಹತ್ತುವ ಮುಂಚೆ ನೀನು ಕಣ್ಣೊರೆಸಿಕೊಂಡು ನನ್ನ ಕಾಲು ಮುಟ್ಟಿದೆ.

"ಬರತೇನ್ರಿ ಅಕ್ಕಾರ. ಅವರಿಗೆ ಹೇಳ್ರಿ."

ಸಂಜೆ ಅವನು ಊಟಕ್ಕೆ ಕೂತ. ಸಿಟ್ಟು ಇಳಿದಿತ್ತು, ಮುಖ ಸಣ್ಣದಾಗಿತ್ತು.

"ಹೋಗುಮುಂದ ಏನಂದ್ಲು, ಅಕ್ಕಾ?"

"ಹೋಗತೇನಿ ಅಂದ್ಲು."

ಪರವೂರಿನವರು ಕೇಳಿದರೆ ನಕ್ಕಾರು — ಎರಡಕ್ಕೂ ‘ಹೊರಟಳು’ ಎಂದೇ ಅಲ್ಲವೇ ಅರ್ಥ? ಆದರೆ ನಮ್ಮಲ್ಲಿ ಸಂತೆಗೆ ಹೊರಟವನೂ ‘ಬರತೇನಿ’ ಎಂದೇ ಹೊಸ್ತಿಲು ದಾಟುತ್ತಾನೆ. ‘ಹೋಗತೇನಿ’ ಅಂದರೆ ಋಣ ಹರಿಯಿತು ಎಂದು. ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಮುರಿದ ರೊಟ್ಟಿಯನ್ನು ಹಾಗೇ ಬಿಟ್ಟು ಅವನು ಕೈ ತೊಳೆದ.

ಆಮೇಲೆ ಅವನು ನಿನ್ನನ್ನು ಕರೆಯಲು ಬರಲಿಲ್ಲ. ಕರೆಯದೆ ನೀನು ತಾನೇ ಹೇಗೆ ಬರುತ್ತೀ? ಅವನ ಮೌನವನ್ನು ನೀನು ‘ಬೇಡ’ ಎಂದು ತಿಳಿದೆ, ನಿನ್ನ ಮೌನವನ್ನು ಅವನೂ ಹಾಗೇ ತಿಳಿದ — ಇಬ್ಬರ ನಡುವೆ ನಾನು, ಬಾಯಿ ಮುಚ್ಚಿಕೊಂಡು. ಕೊನೆಗೆ ಹಿರಿಯರು ಕೂತು ಸಂಬಂಧ ಕಡಿದರು. ಅವನು ಮತ್ತೆ ಮದುವೆಯಾಗಲಿಲ್ಲ. ಮನೆ ಪುನಃ ನನ್ನ ಕೈಗೆ ಬಂತು. ಅದರಲ್ಲಿ ಒಬ್ಬರಾದರೂ ನಕ್ಕಿದ್ದು ನನಗೆ ನೆನಪಿಲ್ಲ.

ನೀನು ಬೇರೆ ಮನೆ ಸೇರಿ ಸುಖವಾಗಿದ್ದೀ ಎಂದು ನಂಬಿಕೊಂಡಿದ್ದೆ — ನಂಬಿದರೆ ಹಗುರ ನೋಡು. ಮೊನ್ನೆ ಗೋಕಾಕದ ಸಂತೆಯಲ್ಲಿ ನಿಮ್ಮೂರವಳೊಬ್ಬಳು ಸಿಕ್ಕಳು. ನೀನು ಅಣ್ಣನ ಮನೆಯಲ್ಲಿ ದುಡಿದೇ ಮುದುಕಿಯಾದೆ ಎಂದಳು. ಮನೆಗೆ ಬಂದವಳೇ ತಮ್ಮನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ... ಇಷ್ಟೇ ಕೇಳಿದ.

"ಆಕಿ ನನ್ನ ಹಾದಿ ನೋಡಿದ್ಲೇನು?"

ಗೊತ್ತಿಲ್ಲ ಅಂದೆ. ಅವನು ನಂಬಲಿಲ್ಲ. ಇನ್ನು ನಾನು ಏನು ಹೇಳಿದರೂ ನಂಬುವುದಿಲ್ಲ.

ಉತ್ತರ ಕೊಡುವುದು, ಬಿಡುವುದು ನಿನ್ನಿಷ್ಟ. ಕೊಡುವುದಾದರೆ ಬಂದು ಅವನೆದುರೇ ಕೂತು ಹೇಳು. ನಾನು ಹಿತ್ತಿಲಿಗೆ ಹೋಗಿ ಕೂರುತ್ತೇನೆ. ನನ್ನ ಕೈಯಲ್ಲಿ ಮಾತ್ರ ಒಂದು ಮಾತನ್ನೂ ಹೇಳಿ ಕಳಿಸಬೇಡ.